ಬದುವಿನ ಅಳಲೆ ಮರ ಕಡಿಯಬೇಕಾ? ಕಾಯಿ ಯಾವಾಗ ಆರಿಸಬೇಕು?

ಬದುವಿನ_ರೈತ (ನಾಗಮಂಗಲ)

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ನಾಗಮಂಗಲದ ಕಡೆ. ಪೂರಾ ಮಳೆ ನಂಬಿದ ಬೇಸಾಯ, ರಾಗಿ ಹುರುಳಿ ಬಿಟ್ಟರೆ ಬೇರೆ ಏನೂ ಇಲ್ಲ. ಪಡುವಣ ಬದುವಿನಲ್ಲಿ ನಮ್ಮ ತಾತ ನೆಟ್ಟ ಒಂದು ದೊಡ್ಡ ಮರ ಇದೆ. ಮನೆಯಲ್ಲಿ ಎಲ್ಲರೂ ಅಳಲೆ ಮರ ಅಂತಲೇ ಕರೆಯುತ್ತೇವೆ, ಆದರೆ ಊರಲ್ಲಿ ಕೆಲವರು ಇದು ಅಳಲೆ ಅಲ್ಲ, ತಾರೆ ಅನ್ನುತ್ತಾರೆ.

ಮಧ್ಯಾಹ್ನದ ಮೇಲೆ ಮರದ ನೆರಳು ಹೊಲದ ಮೇಲೆ ಬೀಳುತ್ತದೆ. ಬದುವಿನ ಪಕ್ಕದ ಸಾಲುಗಳಲ್ಲಿ ರಾಗಿ ಸರಿಯಾಗಿ ತೆನೆ ಕಟ್ಟುವುದಿಲ್ಲ. ಈ ಸಲ ಕೊಯ್ಲು ಆದಮೇಲೆ ಅಣ್ಣ ಮರ ಕಡಿಸಿ ಸೌದೆಗೆ ಮಾರೋಣ ಅಂತ ಹಟ ಹಿಡಿದಿದ್ದಾನೆ. ನನಗೆ ಸ್ವಲ್ಪವೂ ಇಷ್ಟ ಇಲ್ಲ. ಆದರೆ ಸುಮ್ನೆ ಬೇಡ ಅಂದರೆ ಅವನು ಕೇಳುವುದಿಲ್ಲ, ಈ ಮರದಿಂದ ನಾಲ್ಕು ಕಾಸು ಬರುತ್ತದೆ ಅಂತ ತೋರಿಸಬೇಕು.

ಸಂಕ್ರಾಂತಿ ಕಳೆದು ಈಗ ಮರದ ಕೆಳಗೆ ಕಾಯಿ ಉದುರುತ್ತಿವೆ. ಇದನ್ನು ಹೇಗೆ ಆರಿಸಬೇಕು, ಹೇಗೆ ಒಣಗಿಸಬೇಕು, ಮೈಸೂರಿನ ಗ್ರಂಧಿಗೆ (ನಾರುಬೇರು, ಮೂಲಿಕೆ ಮಾರುವ) ಅಂಗಡಿಯವರು ತಗೊಳ್ಳುತ್ತಾರಾ? ಬೀಜ ಹಾಕಿದರೆ ಸಸಿ ಆಗುತ್ತದಾ? ಮರದ ಕೆಳಗೆ ಇಷ್ಟು ವರ್ಷದಲ್ಲಿ ತಾನಾಗಿ ಹುಟ್ಟಿದ ಒಂದು ಸಸಿಯನ್ನೂ ಯಾರೂ ನೋಡಿಲ್ಲ.

ಇನ್ನೊಂದು ವಿಷಯ. ತಮ್ಮನ ಹೆಂಡತಿ ಬಾಣಂತಿ, ಮಗುವಿಗೆ ಮೂರು ತಿಂಗಳು. ಅವ್ವ ಅಳಲೆಕಾಯಿ, ಬಜೆ, ಜಾಯಿಕಾಯಿ ತೇದು ನೆಕ್ಕಿಸಬೇಕು ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಏನೂ ಕೊಡಬೇಡಿ ಅಂದಿದ್ದಾರೆ. ತಿಳಿದವರು ಹೇಳಿ.


ಗ್ರಂಧಿಗೆ_ಮೈಸೂರು

ನಮಸ್ಕಾರ ರೈತರೇ. ನಾನು ದೇವರಾಜ ಮಾರುಕಟ್ಟೆ ಹತ್ತಿರ ಗ್ರಂಧಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಅಳಲೆ ಮೂಟೆ ಬಂದರೆ ಬಿಚ್ಚಿ ಆರಿಸುವುದು ನನ್ನ ಪಾಲಿನ ಕೆಲಸ. ದಯವಿಟ್ಟು ಮರ ಕಡಿಸಬೇಡಿ, ಪೂರ್ತಿ ಓದಿ.

ಮೊದಲು ಗುರುತು. ಚೆನ್ನಾಗಿ ಒಣಗಿದ ಒಂದು ಕಾಯಿ ಕೈಗೆ ತಗೊಳ್ಳಿ. ತೊಟ್ಟಿನಿಂದ ತುದಿವರೆಗೆ ಉದ್ದಕ್ಕೆ ಐದು ಏಣು ಎದ್ದಿವೆಯಾ ನೋಡಿ. ಏಣುಗಳ ನಡುವೆ ಸುಕ್ಕು ಇರುತ್ತದೆ, ಮೈ ನುಣುಪು, ಬಣ್ಣ ಹಳದಿ ಕಲೆತ ಕಂದು. ಹೀಗಿದ್ದರೆ ಅಳಲೆ. ತಾರೆಕಾಯಿ ಗುಂಡಗೆ ಇರುತ್ತದೆ, ಬೂದು ಬಣ್ಣ, ಮೇಲೆಲ್ಲ ಸಣ್ಣ ನವಿರು ಇದ್ದು ಬೆರಳಲ್ಲಿ ಸವರಿದರೆ ಮಖಮಲ್ಲಿನ ಹಾಗೆ ಸಿಗುತ್ತದೆ. ಮರದಲ್ಲೂ ವ್ಯತ್ಯಾಸ ಇದೆ. ತಾರೆ ಎಲೆ ಉದ್ದ ತೊಟ್ಟಿನದು, ಕೊಂಬೆ ತುದಿಯಲ್ಲಿ ಗೊಂಚಲಾಗಿ ಸೇರಿಕೊಂಡಿರುತ್ತದೆ. ಅಳಲೆ ಎಲೆ ಹೆಚ್ಚುಕಡಿಮೆ ಎದುರುಬದುರು ಇರುತ್ತದೆ, ಎಲೆ ಶುರುವಾಗುವ ಕಡೆ ತೊಟ್ಟಿನ ಮೇಲೆ ಎರಡು ಸಣ್ಣ ಗುಬುಟು ಕಾಣುತ್ತವೆ.

ಈಗ ಕಾಯಿಯ ವಿಷಯ. ಮಾರುವವರು ಜಾಸ್ತಿ ಕೆಡಿಸಿಕೊಳ್ಳುವುದು ಇಲ್ಲೇ. ಒಂದೇ ಮರದ ಕಾಯಿ ಯಾವ ಹದದಲ್ಲಿ ಕೈಗೆ ಬಂತು ಅನ್ನುವುದರ ಮೇಲೆ ಅದು ಬೇರೆ ಬೇರೆ ಮಾಲು. ಒಳಗೆ ಓಟೆ (ಬೀಜದ ಗಟ್ಟಿ ಚಿಪ್ಪು) ಕಟ್ಟುವ ಮೊದಲೇ ಉದುರಿದ ಎಳೆಯದು ಒಣಗಿದರೆ ಸಣ್ಣಗೆ, ಕಪ್ಪಗೆ, ಮುರುಟಿಕೊಂಡು ಇರುತ್ತದೆ. ಅದನ್ನು ಬಾಲ ಹರಡೆ ಅಂತ ಬೇರೆಯಾಗಿಯೇ ಮಾರುತ್ತಾರೆ. ಅದರಲ್ಲಿ ಓಟೆ ಇಲ್ಲದ್ದರಿಂದ ಇಡಿಯಾಗಿ ಬಳಸುತ್ತಾರೆ. ಬಲಿಯುವ ಮುಂಚೆ ಬಡಿದು ಕೆಡವಿದ ಹಸಿರು ಕಾಯಲ್ಲಿ ಒಗರು ಜಾಸ್ತಿ, ಚರ್ಮ ಹದ ಮಾಡುವವರಿಗೆ, ಬಟ್ಟೆಗೆ ಬಣ್ಣ ಹಾಕುವವರಿಗೆ ಅದು ಆಗುತ್ತದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿಂದ ಇಂಗ್ಲೆಂಡಿಗೆ ಹಡಗುಗಟ್ಟಲೆ ಅಳಲೆ ಹೋಗುತ್ತಿದ್ದದ್ದು ಔಷಧಿಗಲ್ಲ, ಚರ್ಮ ಹದ ಮಾಡುವುದಕ್ಕೆ. ಪೂರ್ತಿ ಬಲಿತು, ಹಸಿರು ಹೋಗಿ ಹಳದಿ ತಿರುಗಿದ ಮೇಲೆ ಸಿಕ್ಕಿದ್ದು ಔಷಧಿ ಮಾಲು. ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿಕೊಂಡು ಬಂದರೆ ಅಂಗಡಿಯವರು ಕಡಿಮೆ ದರ್ಜೆಯ ಬೆಲೆಯನ್ನೇ ಇಡೀ ಚೀಲಕ್ಕೆ ಹಾಕುತ್ತಾರೆ.

ನಿಮ್ಮ ಮರ ಈಗ ಸರಿಯಾದ ಹದದಲ್ಲಿದೆ. ಕೋಲಲ್ಲಿ ಬಡಿಯಬೇಡಿ. ಕೆಳಗೆ ಕಸ ಗುಡಿಸಿ ಟಾರ್ಪಾಲು ಹಾಸಿ, ತಾನಾಗಿ ಬಿದ್ದದ್ದನ್ನು ದಿನಾ ಇಲ್ಲವೇ ದಿನ ಬಿಟ್ಟು ದಿನ ಆರಿಸಿ. ಈಗ ರಾತ್ರಿ ಇಬ್ಬನಿ ಜಾಸ್ತಿ ಅಲ್ವಾ, ನೆಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ತೆಳ್ಳಗೆ ಒಂದೇ ಪದರ ಹರಡಿ ನೆರಳಲ್ಲಿ ಒಣಗಿಸಿ, ಮೂರು ನಾಲ್ಕು ವಾರ ಬೇಕಾಗುತ್ತದೆ. ಎರಡು ಕಾಯಿ ಒಂದಕ್ಕೊಂದು ತಾಕಿಸಿದರೆ ಕಲ್ಲು ತಾಕಿದ ಸದ್ದು ಬರಬೇಕು. ತೂತು ಬಿದ್ದದ್ದು ಕಂಡರೆ ತೆಗೆದು ಎಸೆಯಿರಿ, ಹುಳು ಒಂದರಿಂದ ಚೀಲಕ್ಕೆಲ್ಲ ಹರಡುತ್ತದೆ.

ಒಳ್ಳೆ ಅಳಲೆ ತೂಕ ಇರುತ್ತದೆ, ನೀರಿಗೆ ಹಾಕಿದರೆ ಮುಳುಗುತ್ತದೆ. ಇದು ಹಳೆಯ ವೈದ್ಯರ ಪರೀಕ್ಷೆ, ಈಗಲೂ ಕೆಲವು ಪಂಡಿತರು ಅಂಗಡಿಯಲ್ಲೇ ಲೋಟದಲ್ಲಿ ನೀರು ಕೇಳಿ ಹಾಕಿ ನೋಡುತ್ತಾರೆ.

ಬೆಲೆ ನಾನು ಇಲ್ಲಿ ಬರೆಯುವುದಿಲ್ಲ, ಅದು ವಾರಕ್ಕೊಂದು ಥರ. ಒಂದೇ ಮರದ ಮಾಲು ಅಂದರೆ ಕೆಲವು ಮೂಟೆ ಅಷ್ಟೇ, ಅದರಲ್ಲಿ ದೊಡ್ಡ ದುಡ್ಡು ಬರುತ್ತದೆ ಅಂತ ಅಣ್ಣನಿಗೆ ಹೇಳಬೇಡಿ. ಆದರೆ ಸೌದೆ ಒಂದು ಸಲ, ಕಾಯಿ ವರ್ಷಾವರ್ಷ. ಒಂದು ಕೇಜಿ ಸ್ಯಾಂಪಲ್ ತಂದು ಎರಡು ಮೂರು ಅಂಗಡಿ ವಿಚಾರಿಸಿ, ಮೊದಲನೇ ಅಂಗಡಿಯಲ್ಲೇ ಒಪ್ಪಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಹಸಿ ಕಾಯಿಯನ್ನು ಕಬ್ಬಿಣದ ಕುಡುಗೋಲಲ್ಲಿ ಸೀಳಿ ಇಡಬೇಡಿ, ಕಬ್ಬಿಣದ ಬಾಂಡ್ಲಿಯಲ್ಲೂ ಹಾಕಬೇಡಿ. ಅದರ ಒಗರು ಕಬ್ಬಿಣಕ್ಕೆ ತಾಕಿದ ತಕ್ಷಣ ನೀಲಿಗಪ್ಪು ಬರುತ್ತದೆ, ಮಾಲು ಕಪ್ಪಾದರೆ ಯಾರೂ ತಗೊಳ್ಳುವುದಿಲ್ಲ. ಅಳಲೆ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಕಾರಣಕ್ಕೆ.


ವೈದ್ಯೆ_ಕುವೆಂಪುನಗರ

ಮಗುವಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಮೂರು ತಿಂಗಳ ಮಗುವಿಗೆ ಏನೂ ತೇದು ನೆಕ್ಕಿಸಬೇಡಿ. ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ, ನೀರೂ ಬೇಡ. ಆಸ್ಪತ್ರೆಯವರು ಹೇಳಿದ್ದು ಸರಿ. ನಾನು ಆಯುರ್ವೇದವನ್ನೇ ಓದಿ ಅದನ್ನೇ ವೃತ್ತಿ ಮಾಡಿಕೊಂಡವಳು, ಆದರೂ ಇದನ್ನೇ ಹೇಳುತ್ತೇನೆ. ಅಳಲೆ ಭೇದಿ ಮಾಡಿಸುವ ವಸ್ತು, ಎಳೆ ಮಗುವಿಗೆ ಎರಡು ಸಲ ಜಾಸ್ತಿ ಭೇದಿ ಆದರೂ ನೀರಿನಂಶ ಹೋಗಿಬಿಡುತ್ತದೆ. ತೇಯುವ ಕಲ್ಲಿನ ಕೊಳೆಯೂ ಜೊತೆಗೆ ಹೋಗುತ್ತದೆ. ನಿಮ್ಮ ಅವ್ವನಿಗೆ ಬೇಜಾರಾಗದ ಹಾಗೆ ಹೇಳಿ, ಅವರ ಕಾಲದಲ್ಲಿ ಊರಿಗೆ ಡಾಕ್ಟರ್ ಇರಲಿಲ್ಲ, ಮನೆಯಲ್ಲಿದ್ದದ್ದೇ ಔಷಧಿ. ಮಗುವಿಗೆ ಹೊಟ್ಟೆ ಉಬ್ಬರ ಇದ್ದರೆ ಡಾಕ್ಟರ್‌ಗೆ ತೋರಿಸಿ.

ದೊಡ್ಡವರ ಮಾತು ಬೇರೆ. ಆಯುರ್ವೇದದಲ್ಲಿ ಹರೀತಕಿಗೆ, ಅಂದರೆ ಅಳಲೆಗೆ, ಕೊಟ್ಟಿರುವ ಸ್ಥಾನ ಬಹಳ ಕಡಿಮೆ ಮೂಲಿಕೆಗಳಿಗೆ ಸಿಕ್ಕಿದೆ. ಮನೆಯಲ್ಲಿ ತಾಯಿ ಇಲ್ಲದವನಿಗೆ ಹರೀತಕಿಯೇ ತಾಯಿ ಅಂತ ಒಂದು ಶ್ಲೋಕವೇ ಇದೆ. ಆರು ರಸಗಳಲ್ಲಿ ಉಪ್ಪು ಬಿಟ್ಟು ಉಳಿದ ಐದೂ ಇದರಲ್ಲಿವೆ, ಒಗರು ಮುಂದೆ ಇರುತ್ತದೆ ಅಷ್ಟೇ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷಯ ಏನೆಂದರೆ, ಒಂದೇ ಕಾಯಿ ನೀವು ಹೇಗೆ ತಗೊಂಡಿರಿ ಅನ್ನುವುದರ ಮೇಲೆ ಕೆಲಸ ಬದಲಾಯಿಸುತ್ತದೆ ಅಂತ ಹಳೆಯ ಗ್ರಂಥಗಳು ಹೇಳುತ್ತವೆ. ಅಗಿದು ತಿಂದರೆ ಹಸಿವು ಹೆಚ್ಚುತ್ತದೆ. ಅರೆದು ತಗೊಂಡರೆ ಹೊಟ್ಟೆ ಶುದ್ಧಿ. ಬೇಯಿಸಿದರೆ ಭೇದಿ ಕಟ್ಟುತ್ತದೆ. ಹುರಿದರೆ ವಾತ, ಪಿತ್ತ, ಕಫ ಮೂರು ದೋಷಕ್ಕೂ ಹಿತ. ಮಲಬದ್ಧತೆಗೆ ಅಂತ ಹೇಳಿ ಬೇಯಿಸಿ ಕುಡಿದು ಇನ್ನೂ ಕಟ್ಟಿಕೊಂಡಿತು ಅಂತ ಬರುವವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಋತುವಿಗೆ ತಕ್ಕ ಹಾಗೆ ಜೊತೆಗೆ ಬೆರೆಸುವ ವಸ್ತುವೂ ಬದಲಾಗುತ್ತದೆ. ಮಳೆಗಾಲದಲ್ಲಿ ಸೈಂಧವ ಉಪ್ಪು, ಶರತ್ಕಾಲದಲ್ಲಿ ಸಕ್ಕರೆ, ಹೇಮಂತದಲ್ಲಿ ಒಣಶುಂಠಿ, ಶಿಶಿರದಲ್ಲಿ ಹಿಪ್ಪಲಿ, ವಸಂತದಲ್ಲಿ ಜೇನು, ಬೇಸಿಗೆಯಲ್ಲಿ ಬೆಲ್ಲ. ತ್ರಿಫಲ ಎಲ್ಲರಿಗೂ ಗೊತ್ತು, ಅಳಲೆ, ತಾರೆ, ಬೆಟ್ಟದ ನೆಲ್ಲಿ. ಈಗ ಮೂರನ್ನೂ ಸಮತೂಕ ಹಾಕುತ್ತಾರೆ, ಹಳೆಯ ಲೆಕ್ಕ ಕಾಯಿ ಎಣಿಸಿ ಹಾಕುವುದು: ಒಂದು ಅಳಲೆ, ಎರಡು ತಾರೆ, ನಾಲ್ಕು ನೆಲ್ಲಿ. ಮನೆಯಲ್ಲಿ ಮಾಡುವುದಾದರೆ ಓಟೆ ತೆಗೆದು ಮೇಲಿನ ಸಿಪ್ಪೆ ಭಾಗ ಮಾತ್ರ ಕುಟ್ಟಿ.

ಯಾರು ತಗೊಳ್ಳಬಾರದು ಅನ್ನುವುದನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಗರ್ಭಿಣಿಯರು ಬೇಡವೇ ಬೇಡ. ತುಂಬಾ ಸೊರಗಿದವರು, ಉಪವಾಸ ಇದ್ದವರು, ಬಾಯಾರಿಕೆಯಿಂದ ಬಳಲಿದವರು ತಗೊಳ್ಳಬಾರದು. ಶುಗರ್ ಮಾತ್ರೆ ತಗೊಳ್ಳುವವರು ಡಾಕ್ಟರ್‌ಗೆ ಹೇಳದೆ ಶುರು ಮಾಡಬೇಡಿ. ಮೇಲೆ ಗ್ರಂಧಿಗೆಯವರು ಕಬ್ಬಿಣ ಕಪ್ಪಾಗುವ ಮಾತು ಹೇಳಿದರಲ್ಲ, ಹೊಟ್ಟೆಯೊಳಗೂ ಅದೇ ಒಗರು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ನುಂಗುವವರು ಅದರ ಜೊತೆಗೇ ತ್ರಿಫಲ ತಗೊಂಡರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಡುವೆ ಕೆಲವು ಗಂಟೆ ಬಿಡಿ.

ಹೇಗೂ ಮಾಲು ತೋರಿಸೋಕೆ ಮಾರುಕಟ್ಟೆಗೆ ಬರುತ್ತೀರಿ. ಸಯ್ಯಾಜಿ ರಾವ್ ರಸ್ತೆಯಲ್ಲಿ ಹತ್ತಿರದಲ್ಲೇ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ, ನಿಮ್ಮ ಅವ್ವನಿಗೇನಾದರೂ ತೊಂದರೆ ಇದ್ದರೆ ಕರೆದುಕೊಂಡು ಬನ್ನಿ.


ಬದುವಿನ_ರೈತ (ನಾಗಮಂಗಲ)

ತುಂಬಾ ಧನ್ಯವಾದ ಮೇಡಂ, ತುಂಬಾ ಧನ್ಯವಾದ ಸಾರ್. ಈಗಷ್ಟೇ ಹೋಗಿ ನೋಡಿ ಬಂದೆ. ಒಣ ಕಾಯಲ್ಲಿ ಐದು ಏಣು ಸ್ಪಷ್ಟವಾಗಿ ಇವೆ, ಎಲೆ ತೊಟ್ಟಿನ ಗುಬುಟೂ ಇವೆ, ಮರದ ಮೇಲೆ ಇನ್ನೂ ಉದುರದ ಎಲೆ ಒಂದಷ್ಟು ಇದ್ದವು. ಅಳಲೆಯೇ. ಅವ್ವನಿಗೆ ಮೇಡಂ ಬರೆದದ್ದನ್ನು ಓದಿ ಹೇಳಿದೆ. ಆರು ತಿಂಗಳು ಕಾಯೋಣ ಬಿಡು ಅಂದರು.

ಸಸಿ ಮಾಡುವವರು ಯಾರಾದರೂ ಇದ್ದರೆ ಬೀಜದ ಬಗ್ಗೆ ಹೇಳಿ. ನೆರಳಿಗೂ ಏನಾದರೂ ದಾರಿ ಇದೆಯಾ?


ಸಸಿ_ಮನೆ (ಮದ್ದೂರು)

ಅಣ್ಣಾ, ನಿಮ್ಮ ಮರದ ಕೆಳಗೆ ಸಸಿ ಹುಟ್ಟದೇ ಇರುವುದಕ್ಕೆ ಎರಡು ಕಾರಣ. ಒಂದು, ಓಟೆ ಬಹಳ ಗಟ್ಟಿ, ನೀರು ಒಳಗೆ ಇಳಿಯುವುದೇ ಇಲ್ಲ. ಎರಡನೆಯದು ಇಲಿ, ಅಳಿಲು. ಓಟೆ ಕೊರೆದು ಒಳಗಿನ ತಿರುಳು ತಿಂದುಬಿಡುತ್ತವೆ. ಕಾಡಲ್ಲೂ ಇದೇ ಕಥೆ, ದೊಡ್ಡ ಮರ ಕಾಣುತ್ತವೆ, ಮರಿ ಗಿಡ ಹುಡುಕಬೇಕು.

ನೀವು ಹೀಗೆ ಮಾಡಿ. ಪೂರ್ತಿ ಬಲಿತು ಈಗ ಬಿದ್ದ ಕಾಯಿಯಲ್ಲಿ ದಪ್ಪ ದಪ್ಪದ್ದು ಆರಿಸಿ. ಒಣಗಿಸಿ, ಮೇಲಿನ ಸಿಪ್ಪೆ ಬಿಡಿಸಿ ಮನೆ ಔಷಧಿಗೆ ಇಟ್ಟುಕೊಳ್ಳಿ, ಓಟೆ ಸಸಿಗೆ ಇರಲಿ. ಓಟೆಯ ಒಂದು ತುದಿ ಅಗಲ, ಇನ್ನೊಂದು ಚೂಪು. ಅಗಲದ ತುದಿಯನ್ನು ಕಟಿಂಗ್ ಪ್ಲೇಯರಲ್ಲಿ ಸ್ವಲ್ಪವೇ ಚಿವುಟಿ. ಒಳಗೆ ಬಿಳಿ ಬೀಜ ಕಾಣುವ ಮುಂಚೆ ನಿಲ್ಲಿಸಬೇಕು, ಬೀಜಕ್ಕೆ ಪೆಟ್ಟಾದರೆ ಮುಗಿಯಿತು, ಕೊಳೆಯುತ್ತದೆ. ಆಮೇಲೆ ತಣ್ಣೀರಲ್ಲಿ 36 ಗಂಟೆ ನೆನೆಹಾಕಿ. ಒಂದು ಭಾಗ ಕೆಮ್ಮಣ್ಣು, ಒಂದು ಭಾಗ ಮರಳು, ಒಂದು ಭಾಗ ಹಳೆ ಕೊಟ್ಟಿಗೆ ಗೊಬ್ಬರ ತುಂಬಿದ ಕವರಿಗೆ ಹಾಕಿ ತೆಳ್ಳಗೆ ಮಣ್ಣು ಮುಚ್ಚಿ. ಮೇಲೆ ಜಾಲರಿ ಮುಚ್ಚಲೇಬೇಕು, ಅಳಿಲಿಗೆ ವಾಸನೆ ಗೊತ್ತಾಗುತ್ತದೆ. ಹಾಕಿದ್ದೆಲ್ಲ ಹುಟ್ಟುವುದಿಲ್ಲ, ಹುಟ್ಟುವುದೂ ಒಂದೇ ಸಲಕ್ಕಲ್ಲ, ಕೆಲವು ತಿಂಗಳು ತಗೊಂಡು ಎದ್ದದ್ದೂ ಇದೆ. ಬರಲಿಲ್ಲ ಅಂತ ಕವರ್ ಸುರಿಯಬೇಡಿ. ಚಿವುಟುವುದು ಕಷ್ಟ ಅನ್ನಿಸಿದರೆ ಓಟೆಗಳನ್ನು ಗುಡ್ಡೆ ಹಾಕಿ ತೇವ ಮಾಡಿ ಗೋಣಿ ಮುಚ್ಚಿ ಕೊಳೆಹಾಕಿ, ಆಮೇಲೆ ಬಿತ್ತುವ ಪದ್ಧತಿಯೂ ಇದೆ.

ಎಳೆ ಸಸಿಗೆ ಮೊದಲ ವರ್ಷ ಸ್ವಲ್ಪ ನೆರಳು ಬೇಕು, ಆಮೇಲೆ ಪೂರ್ತಿ ಬಿಸಿಲು. ಮುಂದಿನ ಮುಂಗಾರಿಗೆ ನೆಡಿ. ಬೀಜದ ಗಿಡ ಕಾಯಿ ಕಚ್ಚೋಕೆ ಎಂಟು ಹತ್ತು ವರ್ಷವಾದರೂ ಬೇಕು ಅನ್ನುವುದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಬೇಗ ಬೇಕಾದರೆ ನಿಮ್ಮ ಮರದ ಕಡ್ಡಿಯನ್ನೇ ಆ ಸಸಿಗೆ ಕಸಿ ಕಟ್ಟಿಸಿ. ತಾತ ನೆಟ್ಟ ಮರದ ಗುಣವೇ ಮುಂದಕ್ಕೆ ಬರುತ್ತದೆ, ನನಗೆ ಕೇಳಿದರೆ ಅದೇ ಒಳ್ಳೆಯದು.

ನೆರಳಿಗೆ ಕಡಿಯುವುದೊಂದೇ ದಾರಿಯಲ್ಲ. ಈ ಮರ ಎಲೆ ಉದುರಿಸುವ ಜಾತಿ, ಇನ್ನು ಸ್ವಲ್ಪ ದಿನದಲ್ಲಿ ಬೋಳಾಗುತ್ತದೆ, ಏಪ್ರಿಲ್ ಮೇ ಹೊತ್ತಿಗೆ ಹೊಸ ಚಿಗುರಿನ ಜೊತೆ ಹೂ ಬರುತ್ತದೆ. ಬೋಳಾಗಿರುವಾಗಲೇ ಹೊಲದ ಕಡೆ ಚಾಚಿದ ಕೆಳಗಿನ ಕೊಂಬೆಗಳನ್ನು ಬುಡದ ಹತ್ತಿರ ನೀಟಾಗಿ ಕೊಯ್ಸಿ. ಕೆಳಗಿನ ಕೊಂಬೆ ಹೋದರೆ ಬಿಸಿಲು ಅಡ್ಡಡ್ಡ ಒಳಗೆ ಬರುತ್ತದೆ. ತಲೆ ಮಾತ್ರ ಕಡಿಸಬೇಡಿ. ಬದುವಿನ ಪಕ್ಕದ ಒಂದೆರಡು ಸಾಲು ರಾಗಿ ಬದಲು ಹಸುವಿಗೆ ಹುಲ್ಲಿಗೆ ಬಿಟ್ಟುಬಿಡಿ, ಕಾಯಿ ಆರಿಸೋಕೂ ಜಾಗ ಆಗುತ್ತದೆ.

ಅಣ್ಣನಿಗೆ ಇದನ್ನೂ ತಿಳಿಸಿ: ಸ್ವಂತ ಜಮೀನಿನ ಮರವಾದರೂ ಕೆಲವು ವಿನಾಯಿತಿ ಜಾತಿ ಬಿಟ್ಟರೆ ಕಡಿಯೋಕೆ ಮುಂಚೆ ಅರಣ್ಯ ಇಲಾಖೆಯ ಅನುಮತಿ ಬೇಕು, 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಸೌದೆ ವ್ಯಾಪಾರದವರು ಅದನ್ನು ಹೇಳುವುದಿಲ್ಲ.


ಪಿರಿಯಾಪಟ್ಟಣದವ

ಮಾರಾಟದ ವಿಷಯ ನನಗೆ ಗೊತ್ತಿಲ್ಲ, ಆದರೆ ಈ ಕಾಯಿಗೆ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಮನೆ ಇದೆ ಅಂತ ಹೇಳೋಣ ಅನ್ನಿಸಿತು. ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟಿನವರು ಇದ್ದಾರಲ್ಲ, ಅವರ ವೈದ್ಯದಲ್ಲಿ ಅಳಲೆಯೇ ಔಷಧಿಗಳ ರಾಜ. ಅರುರ ಅನ್ನುತ್ತಾರೆ. ಅವರ ವೈದ್ಯ ಬುದ್ಧನ ಚಿತ್ರ ಯಾವುದಾದರೂ ಸಿಕ್ಕರೆ ಗಮನಿಸಿ ನೋಡಿ. ಮೈ ಪೂರ್ತಿ ನೀಲಿ, ಎಡಗೈಯಲ್ಲಿ ಬಟ್ಟಲು, ಬಲಗೈ ಬೆರಳುಗಳ ನಡುವೆ ಎಲೆ ಕಾಯಿ ಇರುವ ಒಂದು ಕಡ್ಡಿ. ಆ ಕಡ್ಡಿ ಅಳಲೆಯದು. ನನ್ನ ಸ್ನೇಹಿತನ ಮನೆಯ ಗೋಡೆಯಲ್ಲಿ ಇದ್ದ ಚಿತ್ರವನ್ನು ಚಿಕ್ಕಂದಿನಿಂದ ನೋಡಿದವನು ನಾನು, ಅವನ ತಾಯಿಯನ್ನು ಕೇಳಿದ ಮೇಲೆಯೇ ಅದು ನಮ್ಮೂರ ಅಂಗಡಿಯ ಅಳಲೆಕಾಯಿ ಅಂತ ತಿಳಿದದ್ದು. ಹಿಮದ ನಾಡಿನಲ್ಲಿ ಈ ಮರ ಬೆಳೆಯುವುದಿಲ್ಲ. ಅಷ್ಟು ದೂರಕ್ಕೆ ಕಾಯಿ ಇಲ್ಲಿಂದ ಹೊತ್ತುಕೊಂಡೇ ಹೋಗಬೇಕಿತ್ತು.

ಅಲ್ಲಿಂದಾಚೆಗೂ ಹೋಗಿದೆ. ಚೀನಾದ ವೈದ್ಯದಲ್ಲಿ ಹಳೆ ಕೆಮ್ಮು, ಗಂಟಲು ಕಟ್ಟಿದ್ದು, ನಿಲ್ಲದ ಭೇದಿ ಇದಕ್ಕೆಲ್ಲ ಕೊಡುತ್ತಾರೆ. ಜಪಾನಿನ ನಾರಾ ಊರಿನಲ್ಲಿ ಷೋಸೋಯಿನ್ ಅನ್ನುವ ಹಳೆಯ ಭಂಡಾರ ಇದೆ, 756ರಲ್ಲಿ ಅಲ್ಲಿನ ದೊಡ್ಡ ಬುದ್ಧನಿಗೆ ಅರ್ಪಿಸಿದ ಔಷಧಿಗಳ ಪಟ್ಟಿಯಲ್ಲಿ ಅಳಲೆ ಇದೆ. ಇಂಥ ಮರವನ್ನು ಸೌದೆಗೆ ಹಾಕುವುದು ಬೇಡ ಅಂತ ನಿಮ್ಮ ಅಣ್ಣನಿಗೆ ನನ್ನ ಕಡೆಯಿಂದಲೂ ಹೇಳಿ.


ಬದುವಿನ_ರೈತ (ನಾಗಮಂಗಲ)

ಅಣ್ಣನಿಗೆ ಎಲ್ಲವನ್ನೂ ಓದಿಸಿದೆ. ಅವನಿಗೆ ನಾಟಿದ್ದು ಕೊಂಬೆ ಸವರುವ ಮಾತು. ಈ ವರ್ಷ ಸವರಿಸಿ ನೋಡೋಣ, ರಾಗಿ ಹೇಗೆ ಬರುತ್ತದೆ ನೋಡಿ ಆಮೇಲೆ ಮಾತಾಡೋಣ ಅಂದ. ನನಗೆ ಅಷ್ಟು ಸಾಕು. ಟಾರ್ಪಾಲು ಹಾಸಿದ್ದೇವೆ.

ಎರಡು ಪ್ರಶ್ನೆ ಉಳಿದಿದೆ. ಒಬ್ಬರು, ಮೇಲುಕೋಟೆ ಬೆಟ್ಟದ ಕಡೆ ಹೋದರೆ ಇನ್ನೂ ಬೇಕಾದಷ್ಟು ಕಾಯಿ ಸಿಗುತ್ತದೆ, ಸೇರಿಸಿ ಮಾರು ಅಂದರು. ಆಮೇಲೆ, ನಮ್ಮ ಮರದ ಕೆಲವು ಎಲೆಗಳ ಮೇಲೆ ಟೊಳ್ಳಾದ, ಸೊಟ್ಟ ಕೊಂಬಿನಂಥ ಗಂಟುಗಳಿವೆ. ರೋಗಾನಾ?


ಗ್ರಂಧಿಗೆ_ಮೈಸೂರು

ಮೇಲುಕೋಟೆ ಬೆಟ್ಟ ವನ್ಯಧಾಮ, ಅಲ್ಲಿ ಆರಿಸೋಕೆ ಹೋಗಬೇಡಿ, ಕೇಸಾಗುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ನೆಲ್ಲಿ, ಅಳಲೆ, ಸೀಗೆ, ಜೇನು ಸಂಗ್ರಹಿಸುತ್ತಾರೆ ಅಂದರೆ ಅದು ಅವರ ಹಕ್ಕು, ಅವರ ಲ್ಯಾಂಪ್ಸ್ ಸೊಸೈಟಿಗಳ (ಬುಡಕಟ್ಟು ಜನರ ಸಹಕಾರ ಸಂಘಗಳ) ಮೂಲಕ ನಡೆಯುವ ವ್ಯವಹಾರ. ನಾವು ನೀವು ಚೀಲ ಹಿಡಿದು ಕಾಡಿಗೆ ಹೋಗುವುದು ಬೇರೆ. ನಿಮ್ಮ ಬದುವಿನ ಮಾಲಿಗೆ ಪಹಣಿ ಇದೆ, ಎಲ್ಲಿಯದು ಅಂತ ಕೇಳಿದರೆ ಧೈರ್ಯವಾಗಿ ಹೇಳಬಹುದು. ಅದೇ ದೊಡ್ಡ ಅನುಕೂಲ.

ಎಲೆ ಮೇಲಿನ ಗಂಟು ಹುಳುವಿನಿಂದ ಆದದ್ದು. ಮೊಟ್ಟೆ ಇಟ್ಟ ಕಡೆ ಎಲೆ ಊದಿಕೊಂಡು ಹಾಗಾಗುತ್ತದೆ. ಮರಕ್ಕೆ ಅದರಿಂದ ಅಂಥ ಹಾನಿ ಇಲ್ಲ, ಔಷಧಿ ಹೊಡೆಯಬೇಡಿ. ತಮಿಳುನಾಡಿನ ಕಡೆಯವರು ಅದನ್ನು ಕಡುಕ್ಕಾಯ್ ಪೂ ಅಂತ ಕೇಳಿಕೊಂಡು ಬರುತ್ತಾರೆ, ಅವರ ನಾಟಿ ವೈದ್ಯದಲ್ಲಿ ಬಳಕೆ ಇದೆ. ಉದುರಿದ ಎಲೆಗಳಿಂದ ಕಿತ್ತು ಒಣಗಿಸಿ, ಕಾಯಿ ಸ್ಯಾಂಪಲ್ ತರುವಾಗ ಅದನ್ನೂ ಒಂದು ಹಿಡಿ ತನ್ನಿ. ಬೇರೆ ಕವರಿನಲ್ಲಿ ತನ್ನಿ, ಕಾಯಿ ಜೊತೆ ಬೆರೆಸಬೇಡಿ. ಭಾನುವಾರ ಬಿಟ್ಟು ಯಾವ ದಿನ ಬಂದರೂ ಸರಿ, ಬೆಳಗ್ಗೆ ಹೊತ್ತು ಬಂದರೆ ಅಂಗಡಿಯವರಿಗೆ ನಿಂತು ಮಾತಾಡೋಕೆ ಪುರುಸೊತ್ತು ಇರುತ್ತದೆ.